ಸುಣ್ಣದ ಕೆಳಗಿನ ಬೀದಿ

ಕ್ಯಾತನಹಳ್ಳಿಯಲ್ಲಿ ನೆಂಟರೊಬ್ಬರ ತಿಥಿ ಊಟ ಮುಗಿಸಿಕೊಂಡು ಪಾಂಡವಪುರಕ್ಕೆ ಹಿಂತಿರುಗುತ್ತಿದ್ದೆ. ಶ್ರಾವಣದ ಮಳೆ, ಜೋರಾಗಿ ಹುಯ್ದು ಮುಗಿಸುವ ಮಳೆಯಲ್ಲ, ದಿನವಿಡೀ ಜಿನುಗಿ ಮನಸ್ಸು ಕೆಡಿಸುವ ಮಳೆ. ದಾರಿಯಲ್ಲಿ ಆ ಊರು ಬಂತು. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿನ ಜನ ಅಲ್ಲೇ ಇದ್ದಾರೆ, ಸಂತೆಯಲ್ಲಿ ನನಗೆ ಎದುರಾಗುತ್ತಾರೆ, ಎದುರಾದರೆ ಕಾಫಿ ಕುಡಿಸದೆ ಬಿಡುವವರೂ ಅಲ್ಲ. ಸ್ಕೂಟರು ನಿಲ್ಲಿಸುವ ಯೋಚನೆ ನನಗಿರಲಿಲ್ಲ. ಆದರೆ ಹಳೆಯ ಶಾಲೆಯ ಜಗಲಿಯಲ್ಲಿ ಯಾರೋ ಕೂತು ಕಿಟಕಿಯ ಸರಳಿಗೆ ಬಣ್ಣ ಬಳಿಯುತ್ತಿದ್ದರು. ಟರ್ಪೆಂಟೈನಿನ ವಾಸನೆ ಮೂಗಿಗೆ ಹೊಡೆಯಿತು. ಜೀವಮಾನವೆಲ್ಲ ಡ್ರಾಯಿಂಗ್ ಮೇಷ್ಟ್ರಾಗಿದ್ದವನಿಗೆ ಅದು ಹೊಸ ವಾಸನೆಯೇನಲ್ಲ. ಆದರೂ ಆ ಗೋಡೆಯ ಮುಂದೆ ಅದು ಬಂದಾಗ ಗಾಡಿ ನಿಲ್ಲಿಸಿದೆ.

ಆ ಕಟ್ಟಡ ಈಗ ಹಾಲಿನ ಡೈರಿ. ಚಿಕ್ಕ ಮಕ್ಕಳ ಕೋಣೆಯಲ್ಲಿ ಕ್ಯಾನುಗಳು, ಐದನೇ ತರಗತಿಯ ಕೋಣೆಯಲ್ಲಿ ಹಿಂಡಿ ಬೂಸಾದ ಮೂಟೆಗಳು. ಹೊರಗೋಡೆಗೆ ಸುಣ್ಣ ಹೊಡೆಸಿದ್ದಾರೆ. ಮಳೆ ಕುಡಿದ ಸುಣ್ಣ ತೆಳುವಾಗಿ, ಅಲ್ಲಲ್ಲಿ ಹಕ್ಕಳೆಯೆದ್ದು, ಕೆಳಗಿಂದ ಒಂದು ಕೆಂಪು ಪಟ್ಟೆ ಎದ್ದು ಕಾಣುತ್ತಿತ್ತು. ಅದನ್ನು ಬಳಿದ ಕೈ ನನ್ನದು. ಬಣ್ಣ ಆರಿಸಿದವರು ಬೇರೆ.

ಕೊರೋನಾದ ಬೀಗ ತೆಗೆದು ಶಾಲೆಗಳು ಮತ್ತೆ ತೆರೆದ ವರ್ಷದ ಮಳೆಗಾಲವದು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಪೀರಿಯಡ್ಡನ್ನೆಲ್ಲ ಗಣಿತಕ್ಕೆ ಕೊಟ್ಟುಬಿಟ್ಟಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಕೂತು ಬೇರೆಯವರ ಹಾಜರಿಗೆ ಗೆರೆ ಹಾಕಿಕೊಡುತ್ತಿದ್ದೆ. ಆಗ ಮೇಲಿನ ಕಚೇರಿಯಿಂದ ಕರೆ ಬಂತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಆರಿಸಿದ ಕೆಲವು ಊರುಗಳ ನಕ್ಷೆ ಬರೆಯಬೇಕಂತೆ. ಶಾಲೆ ಎಲ್ಲಿದೆ, ಅದರ ಸುತ್ತ ಯಾವ ಜನರ ಮನೆಗಳಿವೆ, ಯಾವ ಬೀದಿಯ ಮಕ್ಕಳು ಎಷ್ಟು ದೂರ ನಡೆಯುತ್ತಾರೆ, ಅಷ್ಟನ್ನೂ ಒಂದೇ ನೋಟಕ್ಕೆ ಕಾಣುವ ಹಾಗೆ. ಯಾರ ಬೀದಿಗೆ ಶಾಲೆ ದೂರವೋ ಅಲ್ಲಿಗೊಂದು ಕೋಣೆಯನ್ನೋ ವ್ಯಾನನ್ನೋ ಕೊಡಿಸುತ್ತೇವೆ ಎಂದು ಯಾವುದೋ ಸಂಸ್ಥೆ ಮುಂದೆ ಬಂದಿತ್ತು.

"ಸಾರ್, ಇದು ಸರ್ವೆಯವರ ಕೆಲಸ" ಎಂದೆ.

"ನಕ್ಷೆ ಅಂದ್ರೆ ಡ್ರಾಯಿಂಗೇ ಅಲ್ವೇನ್ರಿ" ಎಂದರು ಅಧಿಕಾರಿಗಳು. "ಎಷ್ಟು ವರ್ಷ ಅಂತ ಹೂಕುಂಡ ಬರೀತೀರ?"

ಜೊತೆಗೆ ಪುಟ್ಟಸ್ವಾಮಿಯನ್ನು ಹಾಕಿದರು. ಸುತ್ತಮುತ್ತಲಿನ ಪ್ರಾಥಮಿಕ ಶಾಲೆಗಳನ್ನು ಸುತ್ತಿ ವರದಿ ಕೊಡುವುದು ಅವನ ಕೆಲಸ. ಅವನ ಬೈಕು, ನನ್ನ ಡ್ರಾಯಿಂಗ್ ಬೋರ್ಡು. ಮಳೆ ಬಂದಾಗ ಬೋರ್ಡಿಗೆ ರೈನ್‌ಕೋಟು ಹೊದಿಸಿ ನಾವಿಬ್ಬರೂ ನೆನೆಯುತ್ತಿದ್ದೆವು. ಊರೊಳಗೆ ಹೋಗಿ ಜಾತಿ ಕೇಳುವುದು ನನ್ನ ಕೈಲಾಗದ ಮಾತು. ಪುಟ್ಟಸ್ವಾಮಿಗೆ ಅದು ನೀರು ಕುಡಿದಷ್ಟು ಸಲೀಸು. ಜಗಲಿಯ ಮೇಲೆ ಕೂತು, ಬೆಳೆ ಹೇಗಿದೆ ಎಂದು ಶುರು ಮಾಡಿ, "ನಿಮ್ಮನೆ ದ್ಯಾವ್ರು ಯಾವ್ದಣ್ಣಾ?" ಎನ್ನುತ್ತಿದ್ದ. ಅವರು ದೇವರ ಹೆಸರು ಹೇಳುತ್ತಿದ್ದರು. ಹೊರಗೆ ಬಂದು ನನಗೆ, "ಬರ್ಕಳಿ" ಎನ್ನುತ್ತಿದ್ದ.

"ಜಾತಿ ಕೇಳ್ಬಾರ್ದು ಕಣ್ ಮೇಷ್ಟ್ರೆ, ದ್ಯಾವ್ರ ಕೇಳ್ಬೇಕು. ದ್ಯಾವ್ರು ಯಾವ್ದು ಅಂತ ಏಳ್ಬುಟ್ರೆ ಮನೆ ಯಾರ್ದು ಅಂತ ತಾನಾಗೇ ಗೊತ್ತಾಯ್ತದೆ."

"ಸಾಬರ ಮನೇಲಿ ಏನ್ ಕೇಳ್ತೀಯ?"

"ಅಲ್ಲಿ ಕೇಳೋದೇನದೆ? ಬೀದಿ ತುದೀಲೇ ಗೊತ್ತಾಯ್ತದಲ್ಲ."

ಎಲ್ಲಿ ಹೋದರೂ ನಾವು ಮೊದಲು ಕೇಳುತ್ತಿದ್ದದ್ದು, ಶಾಲೆ ಎಲ್ಲಿದೆ ಎಂದು. ಎಲ್ಲಿ ಹೋದರೂ ಸಿಗುತ್ತಿದ್ದ ಉತ್ತರ, ಊರ ಮಧ್ಯದಲ್ಲಿ. ಕಾಗದದ ಮೇಲೆ ಎಲ್ಲ ಮನೆಗಳನ್ನೂ ಬರೆದು ಮುಗಿಸಿದಾಗ ನೋಡಿದರೆ ಆ ಮಧ್ಯ ಮಧ್ಯವಾಗಿರುತ್ತಿರಲಿಲ್ಲ. ಅದು ಹೊಲಗದ್ದೆಯಿದ್ದವರ ಮನೆಗಳ ಮಧ್ಯ. ಮಿಕ್ಕವರ ಬೀದಿಗಳು ಕಾಗದದ ಅಂಚಿಗೆ ಬಂದು, ಒಮ್ಮೊಮ್ಮೆ ಕಾಗದವನ್ನೇ ಮೀರಿ, ಇನ್ನೊಂದು ಹಾಳೆ ಅಂಟಿಸಿಕೊಳ್ಳಬೇಕಾಗುತ್ತಿತ್ತು. ನಾನೂ ಆ ಮಧ್ಯದವನೇ. ನನ್ನೂರಿನ ಶಾಲೆಯೂ ನಮ್ಮ ಮನೆಯ ಎದುರಿಗೇ ಇತ್ತು. ಅದು ನನಗೆ ಹತ್ತಿರ ಎಂದು ನನಗೆ ಅದುವರೆಗೆ ಅನ್ನಿಸಿರಲೇ ಇಲ್ಲ.

ಕೆ.ಆರ್. ಪೇಟೆ ಕಡೆಯ ಒಂದು ಊರಿನಲ್ಲಿ ಅಂಚಿನ ಬೀದಿಯ ಮಕ್ಕಳು ಕೆರೆ ಏರಿಯ ಮೇಲೆ ಬಳಸಿ ಶಾಲೆಗೆ ಬರುತ್ತಿದ್ದವು. ನೇರ ದಾರಿ ಊರೊಳಗಿಂದ ಇತ್ತು, ಅರ್ಧದಷ್ಟೂ ದೂರವಿಲ್ಲ. ಯಾಕೆ ಆ ಕಡೆ ಬರುವುದಿಲ್ಲ ಎಂದು ಒಬ್ಬ ಹುಡುಗಿಯನ್ನು ಕೇಳಿದೆ. "ನಾಯಿ ಅವೆ ಸಾ" ಎಂದಳು. ಇನ್ನೊಬ್ಬಳನ್ನು ಕೇಳಿದರೂ ನಾಯಿ. ಆ ಬೀದಿಯಲ್ಲಿ ನಾವು ಎರಡು ಸಲ ಓಡಾಡಿದೆವು. ಒಂದು ಮುದಿ ನಾಯಿ ಮಲಗಿತ್ತು, ತಲೆ ಕೂಡ ಎತ್ತಲಿಲ್ಲ. ಸಂಜೆ ಹಿಂತಿರುಗುವಾಗ ಪುಟ್ಟಸ್ವಾಮಿ, "ನಕ್ಷೇಲಿ ನಾಯಿ ಎಂಗ್ ಬರೀತೀರ ಮೇಷ್ಟ್ರೆ?" ಎಂದ.

ಹೀಗೆ ತಿರುಗಿ ತಿರುಗಿ ಮನಸ್ಸು ಮಂಕಾಗಿದ್ದಾಗ ಈ ಊರಿಗೆ ಬಂದೆವು. ಇಲ್ಲಿ ಶಾಲೆ ನಿಜವಾಗಿಯೂ ಮಧ್ಯದಲ್ಲಿತ್ತು. ಒಂದು ಪಕ್ಕ ಗೌಡರ ಬೀದಿ, ಇನ್ನೊಂದು ಪಕ್ಕ ಸಾಬರ ಬೀದಿ, ನಡುವೆ ಶಾಲೆ. ಹಿಂದಿನ ಕಾಲದಲ್ಲಿ ಅರ್ಧ ಜಾಗವನ್ನು ಗೌಡರ ಮನೆಯವರು ಕೊಟ್ಟಿದ್ದರಂತೆ, ಇನ್ನರ್ಧವನ್ನು ಜಟಕಾ ಗಾಡಿ ಓಡಿಸುತ್ತಿದ್ದ ಸಾಬರೊಬ್ಬರು. ಅದಕ್ಕೇ ಶಾಲೆಗೆ ಎರಡು ಗೇಟು, ಬೀದಿಗೊಂದು. ಎರಡೂ ಗೇಟಿನಿಂದ ಬಂದ ಮಕ್ಕಳು ಒಂದೇ ಕೊಳಾಯಿಯಲ್ಲಿ ಕೈ ತೊಳೆದು ಬಿಸಿಯೂಟಕ್ಕೆ ಕೂರುತ್ತಿದ್ದರು. ನಾಲ್ಕು ತಾಲ್ಲೂಕಿನಲ್ಲಿ ನಾವು ನೋಡಿದ ಅಷ್ಟೂ ಊರುಗಳಲ್ಲಿ ಹಾಗಿದ್ದದ್ದು ಇದೊಂದೇ. ನಾನು ಬೋರ್ಡು ಕೆಳಗಿಟ್ಟು ಪುಟ್ಟಸ್ವಾಮಿಯಿಂದ ಒಂದು ಬೀಡಿ ಈಸಿಕೊಂಡೆ. ಅಷ್ಟು ಸಂತೋಷವಾಗಿತ್ತು.

ಶಾಲೆಯ ಮುಖ್ಯೋಪಾಧ್ಯಾಯಿನಿ ನೂರ್‌ಜಾನ್ ಮೇಡಂ. ನಾಗಮಂಗಲದವರು, ಲಾರಿ ಡ್ರೈವರೊಬ್ಬರ ಮಗಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರ ಕನ್ನಡದ ಮುಂದೆ ನಮ್ಮದು ಗದ್ದೆ ಬದುವಿನ ಮೇಲೆ ನಡೆದ ಹಾಗೆ. ಮಂಡ್ಯದ ಮಕ್ಕಳ ಬಾಯಲ್ಲಿ ಹಕಾರ ಹೊರಡಿಸುವುದೇ ಅವರ ವ್ರತ. ನಾವು ಹೋದಾಗ ಕ್ಲಾಸು ನಡೆಯುತ್ತಿತ್ತು.

"ಏನು ಕುಡಿದು ಬಂದೆ?"

"ಆಲು ಮಿಸ್."

"ಆಲು ಅಂದ್ರೆ ಮರ. ಮರ ಕುಡಿದು ಬಂದ್ಯಾ?"

ಕ್ಲಾಸೆಲ್ಲ ನಕ್ಕಿತು. ಆ ಮಗು ಎದೆಯ ಗಾಳಿಯನ್ನೆಲ್ಲ ಸೇರಿಸಿ, "ಹ್ಹಾಲು" ಎಂದಿತು. ಹಿಂದೆ ನಿಂತಿದ್ದ ಪುಟ್ಟಸ್ವಾಮಿ ತಾನೂ ಮೆಲ್ಲಗೆ ಹೇಳಿ ನೋಡಿಕೊಂಡ.

ನಕ್ಷೆಯನ್ನು ಊರವರೇ ನೋಡುವಂತೆ ಶಾಲೆಯ ಗೋಡೆಯ ಮೇಲೆ ಎಣ್ಣೆ ಬಣ್ಣದಲ್ಲಿ ಬರೆಯಬೇಕು ಎಂಬುದು ಆ ಸಂಸ್ಥೆಯ ಆಸೆ. ಬೇರೆ ಕಡೆಯದೆಲ್ಲ ಅದುವರೆಗೆ ಕಾಗದದ ಮೇಲೆ ಪೆನ್ಸಿಲಿನಲ್ಲಿತ್ತು. ಗೋಡೆಗೆ ಮೊದಲು ಈ ಊರನ್ನೇ ಹಾಕೋಣ ಎಂದು ನಾನು ಕಚೇರಿಗೆ ಹೇಳಿದೆ. ಎಲ್ಲರೂ ಬಂದು ನೋಡಲಿ, ಹೀಗೂ ಇರಬಹುದು ಎಂದು ತಿಳಿಯಲಿ ಎನ್ನುವುದು ನನ್ನ ಹುಮ್ಮಸ್ಸು. ಮೇಡಂಗೂ ಆಸೆಯಿತ್ತು, ಆದರೆ ಅವರದು ಬೇರೆ ಕಾರಣಕ್ಕೆ.

"ಪಕ್ಕದೂರಿಗೆ ಕಾನ್ವೆಂಟ್ ವ್ಯಾನ್ ಬರ್ತಾ ಇದೆ ಸಾರ್" ಎಂದರು. "ಇಲ್ಲಿಗೂ ಬರುತ್ತೆ, ಇವತ್ತಲ್ಲ ನಾಳೆ. ಗೌಡರ ಮಕ್ಕಳು ಹೋದ್ರೆ ಸಂಖ್ಯೆ ಬೀಳುತ್ತೆ. ಬಿದ್ರೆ ಹೈವೇ ಆಚೆ ಶಾಲೆ ಜೊತೆ ಸೇರಿಸ್ತಾರೆ. ನಮ್ಮವರ ಬೀದಿ ಹುಡ್ಗೀರನ್ನ ಅವರ ಮನೇಲಿ ಹೈವೇ ದಾಟಿಸಲ್ಲ ಸಾರ್. ಅಲ್ಲಿಗೆ ಅವರ ಓದು ಮುಗೀತು. ಈ ನಕ್ಷೆ ನೋಡಿ ಒಂದು ಹೊಸ ಕೋಣೆ ಕೊಟ್ರೆ, ಚೆನ್ನಾಗಿ ಕಂಡ್ರೆ, ಯಾರೂ ಬಿಟ್ಟು ಹೋಗಲ್ಲ."

ಬಣ್ಣದ ಮಾತು ಬಂದದ್ದು ಅವತ್ತೇ, ಜಗಲಿಯ ಮೇಲೆ ಚಹಾ ಕುಡಿಯುವಾಗ. ಗೌಡರ ಬೀದಿಗೆ ಹಳದಿ ಎಂದೆ. ಅರಿಸಿನದ ಬಣ್ಣ, ಯಾರದೂ ತಕರಾರಿಲ್ಲ. ಇನ್ನೊಂದು ಬೀದಿಗೆ?

"ಅಸ್ರು ಹಾಕ್ಬುಡಿ, ಎಲ್ಲಾರ್ಗೂ ಗೊತ್ತಾಯ್ತದೆ" ಎಂದ ಪುಟ್ಟಸ್ವಾಮಿ.

"ಬೇಡ" ಎಂದರು ಮೇಡಂ. "ಹಸಿರು ಕಂಡ್ರೆ ಜನ ಬಾವುಟ ಅಂತಾರೆ, ಇನ್ನೇನೋ ಅಂತಾರೆ. ಯಾರದೋ ಫೋನಿಗೆ ಹೋಗಿ ಎಲ್ಲೆಲ್ಲೋ ಕೂತ್ಕೊಳ್ಳುತ್ತೆ."

"ನೀಲಿ?"

"ಅದ್ಕೂ ಆಗ್ಲೇ ಜನ ಅವ್ರೆ" ಎಂದ ಪುಟ್ಟಸ್ವಾಮಿ. ಕೇಸರಿಯನ್ನು ಯಾರೂ ಎತ್ತಲೇ ಇಲ್ಲ. ಒಂದು ಡಬ್ಬಿ ಬಣ್ಣ ಆರಿಸಲು ಈ ದೇಶದಲ್ಲಿ ಎಷ್ಟು ಯೋಚನೆ ಮಾಡಬೇಕು ಎಂದು ನಾನು ಗೊಣಗಿಕೊಂಡೆ.

"ಕೆಂಪು ಹಾಕಿ ಸಾರ್" ಎಂದರು ಮೇಡಂ. ಮುಖ ಅರಳಿತ್ತು. "ನಮ್ಮಲ್ಲಿ ಮದುವೆ ಹೆಣ್ಣಿಗೆ ಕೆಂಪು. ನಿಮ್ಮಲ್ಲಿ ಕುಂಕುಮ. ಅರಿಸಿನ ಕುಂಕುಮ ಪಕ್ಕಪಕ್ಕ ಇದ್ದ ಹಾಗಾಗುತ್ತೆ. ಯಾರಿಗೂ ಬೇಜಾರಾಗಲ್ಲ."

ಇದಕ್ಕಿಂತ ಒಳ್ಳೆಯ ಮಾತು ಆ ಮಳೆಗಾಲದಲ್ಲಿ ನಾನು ಕೇಳಿರಲಿಲ್ಲ. ಮಾರನೆಯ ದಿನವೇ ಪಾಂಡವಪುರದ ಅಂಗಡಿಯಿಂದ ಡಬ್ಬಿ ತಂದೆ.

ಮಳೆ ಹೊಳವಾದಾಗಲೆಲ್ಲ ಬರೆದೆ. ಮಕ್ಕಳು ಸುತ್ತ ನಿಂತಿರುತ್ತಿದ್ದವು. ಹಳದಿ ಬೀದಿ, ಕೆಂಪು ಬೀದಿ, ಅವೆರಡೂ ಕೂಡುವಲ್ಲಿ ಬೆಳ್ಳಗೆ ಶಾಲೆ, ಶಾಲೆಯ ಮೇಲೊಂದು ಬಾವುಟ. ಮನೆಗಳಿಗೆ ಪುಟ್ಟ ಪುಟ್ಟ ಬಿಳಿ ಚೌಕ. ಒಂದೊಂದು ಮಗುವೂ ಬಂದು ತನ್ನ ಮನೆ ತೋರಿಸಿ, ಅದರ ಮೇಲೆ ಚುಕ್ಕೆ ಇಡಿಸಿಕೊಂಡು ಹೋಗುತ್ತಿತ್ತು. ಐದನೇ ತರಗತಿಯ ಅರ್ಷಿಯಾ ಮಾತ್ರ ಚುಕ್ಕೆಗೆ ಒಪ್ಪಲಿಲ್ಲ.

"ನಮ್ಮನೆಗೆ ಕಿಟಕಿ ಇದೆ ಸಾರ್."

"ಎಲ್ಲರ ಮನೆಗೂ ಇರುತ್ತಮ್ಮ."

"ನಮ್ಮದು ಹೊಸದು. ಅಬ್ಬಾ ಹೋದ ವರ್ಷ ಇಡಿಸಿದ್ರು. ಅಲ್ಲಿಂದ ಶಾಲೆ ಕಾಣುತ್ತೆ."

ಅವಳ ಪಕ್ಕದಲ್ಲಿ ಸಿಂಚನ ನಿಂತಿದ್ದಳು, ಅವಳ ಬೆಂಚಿನ ಗೆಳತಿ, ಶಾಲಾ ಸಮಿತಿಯ ಅಧ್ಯಕ್ಷ ಜವರೇಗೌಡರ ಮೊಮ್ಮಗಳು. "ಬರ್ದುಬುಡಿ ಸಾರ್, ಇಲ್ದಿದ್ರೆ ಅವ್ಳು ಬುಡಾಕಿಲ್ಲ" ಎಂದಳು. ಸಣ್ಣ ಬ್ರಷ್ಷಿನಲ್ಲಿ ಆಕಾಶ ನೀಲಿಯ ಒಂದು ಕಿಟಕಿ ಬರೆದುಕೊಟ್ಟೆ. ಇಡೀ ನಕ್ಷೆಯಲ್ಲಿ ಕಿಟಕಿಯಿದ್ದ ಮನೆ ಅದೊಂದೇ.

ಕೆಲಸ ಮುಗಿದ ದಿನ ಸಾಬರ ಬೀದಿಯ ಬಾಬಾಜಾನ್ ಬಂದು ನೋಡಿದರು. ಬೀದಿಯ ತುದಿಯಲ್ಲಿ ಪಂಚರ್ ಅಂಗಡಿ ಇಟ್ಟಿದ್ದ ಹಿರಿಯರು. ಬಹಳ ಹೊತ್ತು ನಿಂತರು. "ಚೆನ್ನಾಗಿದೆ ಸಾಬ್" ಎಂದು ನೆಲ ನೋಡಿಕೊಂಡು ಹೋದರು. ಅವರಿಗೆ ಚಿತ್ರ ಅರ್ಥವಾಗಲಿಲ್ಲ ಎಂದುಕೊಂಡೆ. ಅರ್ಥವಾಗಿದ್ದದ್ದು ಅವರೊಬ್ಬರಿಗೇ.

ಅಧಿಕಾರಿಗಳು ಬಂದರು, ಟೇಪು ಕತ್ತರಿಸಿದರು, ಮಕ್ಕಳಿಗೆ ಬಿಸ್ಕತ್ತು ಹಂಚಿದರು. ಯಾರೋ ಗೋಡೆಯ ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅದರ ಕೆಳಗೆ ಇನ್ಯಾರೋ ಬರೆದರಂತೆ, ನಮ್ಮ ಇಸ್ಕೂಲು ರೆಡ್ ಜೋನಿನಲ್ಲಿದೆಯಲ್ಲ, ಇದು ಯಾವಾಗ ಘೋಷಣೆ ಆಯಿತು, ಎಂದು.

ಲಾಕ್‌ಡೌನಿನ ದಿನಗಳಲ್ಲಿ ಟಿವಿಯಲ್ಲಿ, ಫೋನಿನಲ್ಲಿ ದಿನಾ ಬರುತ್ತಿದ್ದ ಬಣ್ಣದ ನಕ್ಷೆ ನೆನಪಿದೆಯಲ್ಲ. ಹಸಿರು ಎಂದರೆ ಸುರಕ್ಷಿತ, ಕೆಂಪು ಎಂದರೆ ರೋಗ. ಅದಕ್ಕೆ ಮುಂಚೆ ನಕ್ಷೆ ಎಂದರೆ ಏನೆಂದು ತಿಳಿಯದ ಮುದುಕಿಯರೂ ಆಗ ಬಣ್ಣ ಓದುವುದು ಕಲಿತಿದ್ದರು. ಆ ಸಮಯದಲ್ಲಿ ಸಾಬರ ಬೀದಿಯಲ್ಲಿ ಒಬ್ಬ ಲಾರಿ ಡ್ರೈವರಿಗೆ ಸೋಂಕು ಬಂದಿತ್ತು. ಬೀದಿಯ ಎರಡೂ ತುದಿಗೆ ತಗಡು ಹೊಡೆದಿದ್ದರು. ಗೌಡರ ಬೀದಿಯಲ್ಲೂ ಆಮೇಲೆ ಎಷ್ಟೋ ಜನಕ್ಕೆ ಬಂತು, ಅಲ್ಲಿ ತಗಡು ಬರಲಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಮೇಡಂ ಆ ತಿಂಗಳೆಲ್ಲ ನಾಗಮಂಗಲದ ಮನೆಯಲ್ಲಿ ಬೀಗ ಹಾಕಿಕೊಂಡಿದ್ದವರು, ಅವರಿಗೂ ಹೊಳೆಯಲಿಲ್ಲ. ಹಸಿರು ಹಾಕಿದ್ದರೆ ಏನಾಗುತ್ತಿತ್ತೋ, ಅದನ್ನು ತಪ್ಪಿಸಲು ಹೋಗಿ ಕೆಂಪಿನ ಬಾಯಿಗೆ ಬಿದ್ದೆವು.

ನಾನು ಆ ಊರಿನಲ್ಲಿ ಒಂದು ಕೆಟ್ಟ ಮಾತೂ ಕೇಳಲಿಲ್ಲ. ಯಾರೂ ಸಾಬರು ಎಂದು ಕೂಡ ಅನ್ನಲಿಲ್ಲ. ಎಲ್ಲರೂ ರೆಡ್ ಜೋನು ಎಂದರು. ಎಷ್ಟು ಅನುಕೂಲದ ಮಾತು ಅದು. ಅದನ್ನು ಹೇಳುವಾಗ ಯಾರ ಮುಖವೂ ಕೆಂಪಾಗಬೇಕಿಲ್ಲ, ಯಾರ ಜೊತೆಗೂ ಜಗಳವಾಗಬೇಕಿಲ್ಲ. ಆ ಹೊತ್ತಿಗೆ ಸರಿಯಾಗಿ ಮಳೆಗಾಲದ ಜ್ವರ ಶುರುವಾಯಿತು. ಮೊದಲು ಎರಡು ಮಕ್ಕಳು ಬರಲಿಲ್ಲ, ಆಮೇಲೆ ಒಂದು ಬೆಂಚು, ಆಮೇಲೆ ಗೌಡರ ಬೀದಿಯ ಗೇಟು ಹಾಗೇ ಮುಚ್ಚಿಕೊಂಡಿತು. ಪಕ್ಕದೂರಿಗೆ ಬರುತ್ತಿದ್ದ ವ್ಯಾನು ಒಂದು ಬೆಳಿಗ್ಗೆ ಈ ಊರಿಗೂ ಬಂದು ಹಾರನ್ ಮಾಡಿತು.

ಮೇಡಂ ಮತ್ತು ನಾನು ಜವರೇಗೌಡರ ಮನೆಗೆ ಹೋದೆವು. "ಬನ್ನಿ ಮೇಷ್ಟ್ರೆ, ಬನ್ನಿ ಮೇಡಮ್ಮಾರೆ, ಕುಂತ್ಕಳಿ" ಎಂದು ಚಾಪೆ ಹಾಸಿದರು. ಕಾಫಿ ಬಂತು. ನನಗೆ ಸ್ಟೀಲ್ ಲೋಟ, ಮೇಡಂಗೆ ಪೇಪರ್ ಕಪ್ಪು. "ಕೊರೋನಾ ಆದಾಗಿಂದ ಇಂಗೇ" ಎಂದರು ಗೌಡರು, ನನ್ನ ಲೋಟದ ಕಡೆ ನೋಡದೆ. ಮೇಡಂ ಕಾಫಿ ಕುಡಿದರು.

"ನಂಗೇನೂ ಇಲ್ಲ ಮೇಡಮ್ಮಾರೆ. ಇಸ್ಕೂಲು ನಿಂತಿರೋ ಜಾಗ ನಮ್ ತಾತ ಕೊಟ್ಟಿದ್ದು. ಆದ್ರೆ ಸೊಸೆ ಕೇಳಾಕಿಲ್ಲ. ಸರ್ಕಾರದೋರೇ ಗೋಡೆ ಮ್ಯಾಲೆ ಬರ್ಸವ್ರೆ, ನೀವ್ ಯಾಕೆ ಕಳುಸ್ತೀರಿ ಅಂತಾಳೆ."

"ಗೌಡ್ರೆ, ಅದು ಕಾಯಿಲೆ ಬಣ್ಣ ಅಲ್ಲ. ಬೀದಿ ಬೇರೆ ಅಂತ ತೋರ್ಸಕ್ಕೆ ಹಾಕಿದ್ದು ಅಷ್ಟೇ" ಎಂದೆ.

"ಅದ್ನೇ ನಾನೂ ಏಳ್ದೆ. ಬೀದಿ ಬೇರೆ ಅನ್ನೋದು ನಮ್ಗೇನ್ ಗೊತ್ತಿಲ್ವಾ, ಅದ್ಕೆ ಬಣ್ಣ ಯಾಕ್ ಬೇಕಿತ್ತು ಅಂದ್ಲು."

ಆ ಸೊಸೆಯ ಮುಖ ನಾನು ನೋಡಿಲ್ಲ. ಆದರೆ ಆ ಪ್ರಶ್ನೆಯಷ್ಟು ಸರಿಯಾದ ಪ್ರಶ್ನೆಯನ್ನು ನಮ್ಮ ಯಾವ ಸಭೆಯಲ್ಲೂ ಯಾರೂ ಕೇಳಿರಲಿಲ್ಲ.

"ಸಿಂಚನಾನ ಒಂದು ವಾರ ಕಳಿಸಿ ಗೌಡ್ರೆ" ಎಂದರು ಮೇಡಂ. ದನಿ ಸಣ್ಣದಾಗಿತ್ತು. "ನಿಮ್ಮನೆ ಮಗು ಬಂದ್ರೆ ಮಿಕ್ಕೋರು ಬರ್ತಾರೆ. ಇಲ್ದಿದ್ರೆ ಶಾಲೆ ಉಳಿಯಲ್ಲ."

"ವಸಿ ದಿನ ಓಗ್ಲಿ, ನೋಡವ ತಡೀರಿ" ಎಂದರು ಗೌಡರು. ಬಾಗಿಲ ಸಂದಿಯಲ್ಲಿ ಸಿಂಚನ ನಿಂತಿದ್ದಳು. ಅವಳ ಕುತ್ತಿಗೆಯಲ್ಲಿ ಹೊಸ ಟೈ ಇತ್ತು.

ಬಣ್ಣ ಬದಲಾಯಿಸಿಬಿಡೋಣ, ಎರಡೂ ಬೀದಿಗೆ ಹಳದಿಯನ್ನೇ ಬಳಿಯೋಣ ಎಂದು ನಾನು ಡಬ್ಬಿ ಹಿಡಿದು ಹೋದೆ. ಬಾಬಾಜಾನ್ ತಮ್ಮ ಅಂಗಡಿಯಿಂದಲೇ ನೋಡಿ ಎದ್ದು ಬಂದರು. ಕೈಯೆಲ್ಲ ಟ್ಯೂಬಿನ ಸೊಲ್ಯೂಷನ್ ಮೆತ್ತಿಕೊಂಡಿತ್ತು.

"ಬದ್ಲಾಯ್ಸಬೇಡಿ ಸಾಬ್. ಈಗ ಬರೀ ಬಣ್ಣ. ನೀವು ಅಳ್ಸಿದ್ರೆ, ಏನೋ ಇತ್ತು, ಅದಕ್ಕೇ ಅಳ್ಸಿದ್ರು ಅಂತಾರೆ. ನಮ್ದು ಬೀದಿಗೆ ತಗಡು ಹೊಡ್ದಿದ್ರಲ್ಲ, ತೆಗೆದ್ಮೇಲೂ ಬಹಳ ದಿನ ನಮ್ದು ಅಂಗಡೀಗೆ ಯಾರೂ ಬರಲಿಲ್ಲ. ಪಂಚರ್ ಗಾಡಿ ತಳ್ಕೊಂಡು ಮುಂದಿನ ಊರಿಗೆ ಹೋದ್ರು."

"ಮೊದಲ ದಿನವೇ ಹೇಳಬಾರದಿತ್ತೇ ಬಾಬಾಜಾನ್? ನಿಮಗೆ ಗೊತ್ತಾಗಿತ್ತು."

"ನೂರ್‌ಜಾನ್ ಬೇಟಿ ಎಷ್ಟು ಖುಷಿಯಾಗಿ ನಿಂತಿದ್ಲು ಸಾಬ್. ಹೆಂಗೆ ಹೇಳೋದು?"

ಬಿಟ್ಟರೆ ರೆಡ್ ಜೋನು, ಅಳಿಸಿದರೆ ಅದು ನಿಜ. ಡಬ್ಬಿಯ ಮುಚ್ಚಳ ತೆಗೆಯದೆ ಹಿಂತಿರುಗಿದೆ. ನಮ್ಮ ಗೊಂದಲ ಕಚೇರಿಗೆ ಮುಟ್ಟಿತು. ಅಲ್ಲಿಂದ ಒಂದೇ ಮಾತು ಬಂತು, ಸುಣ್ಣ ಹೊಡೆಸಿಬಿಡಿ ಎಂದು. ಪುಟ್ಟಸ್ವಾಮಿ ಆಳು ಕರೆದುಕೊಂಡು ಹೋಗಿ ಹೊಡೆಸಿ ಬಂದ. ಆ ದಿನ ಅವನು ನನ್ನ ಮನೆಗೆ ಬಂದು ಹೊರಗಡೆ ಕಲ್ಲಿನ ಮೇಲೆ ಕೂತ, ಒಳಗೆ ಬಾ ಎಂದರೂ ಬರಲಿಲ್ಲ. "ಅರ್ಧ ಬಳುದ್ಮ್ಯಾಲೆ ಆ ಉಡ್ಗಿ ಬಂತು ಮೇಷ್ಟ್ರೆ. ನಮ್ಮನೆ ಕಿಟಕಿ ಒಂದ್ ಬುಟ್ಬುಡಿ ಅಂತು. ಎಂಗ್ ಬುಡೋದು ಏಳಿ. ಬಳುಸ್ಬುಟ್ಟೆ" ಎಂದ.

ಬಾಬಾಜಾನ್ ಹೇಳಿದ ಹಾಗೇ ಆಯಿತು. ಅಳಿಸಿದರು ಎಂಬ ಸುದ್ದಿ ಬರೆದರು ಎಂಬ ಸುದ್ದಿಗಿಂತ ಜೋರಾಗಿ ಓಡಾಡಿತು. ಮಿಕ್ಕ ಊರುಗಳ ಕಾಗದದ ನಕ್ಷೆಗಳನ್ನು ಸುರುಳಿ ಸುತ್ತಿ ಬೀರುವಿನ ಮೇಲೆ ಎಸೆದರು. ಇಂಥ ತಲೆನೋವು ಬೇಡ ಎಂದು ಆ ಸಂಸ್ಥೆಯೂ ಹಿಂದೆ ಸರಿಯಿತು. ಯಾವ ಬೀದಿಗೂ ಕೋಣೆ ಬರಲಿಲ್ಲ, ವ್ಯಾನು ಬರಲಿಲ್ಲ. ಕೆರೆ ಏರಿಯ ಮೇಲೆ ಬಳಸಿ ಬರುತ್ತಿದ್ದ ಮಕ್ಕಳು ಈಗಲೂ ಹಾಗೇ ಬರುತ್ತಿರಬೇಕು, ನಾಯಿಗೆ ಹೆದರಿ.

ವರ್ಷದ ಕೊನೆಗೆ ಶಾಲೆಯನ್ನು ಹೈವೇ ಆಚೆಯ ಶಾಲೆಗೆ ಸೇರಿಸಿದರು. ಸಾಬರ ಬೀದಿಯ ಹುಡುಗರು ಹೋದರು. ಹುಡುಗಿಯರಲ್ಲಿ ಒಬ್ಬಿಬ್ಬರು ಕೆಲವು ದಿನ ಹೋದರು. ಒಂದು ದಿನ ಯಾವುದೋ ಟಿಪ್ಪರು ಮೈಮೇಲೆ ಬಂದಂತಾಗಿ ಹೆದರಿದ ಮೇಲೆ ಅದೂ ನಿಂತಿತು. ನೂರ್‌ಜಾನ್ ಮೇಡಂಗೆ ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಶಾಲೆಗೆ ವರ್ಗವಾಯಿತು. ಹೋದ ಮೇಲೆ ಒಂದು ಸಲ ಫೋನು ಮಾಡಿದ್ದರು.

"ಕೆಂಪು ಅಂದೋಳು ನಾನು ಸಾರ್. ನಮ್ಮ ಮದುವೆ ಬಣ್ಣ ಅಂದ್ಕೊಂಡಿದ್ದೆ."

"ನೀವು ಅನ್ನದಿದ್ದರೂ ಅವರಿಗೆ ಬೇರೆ ನೆಪ ಸಿಗುತ್ತಿತ್ತು ಮೇಡಂ" ಎಂದೆ. ಆ ಮಾತು ನಿಜವೋ, ಬರೀ ಸಮಾಧಾನವೋ ನನಗೆ ಇವತ್ತಿಗೂ ತಿಳಿದಿಲ್ಲ. ಅವರು ಮತ್ತೆ ಫೋನು ಮಾಡಲಿಲ್ಲ.

ಇದೆಲ್ಲ ಆ ಟರ್ಪೆಂಟೈನಿನ ವಾಸನೆಯಲ್ಲಿ ಬಂದು ಹೋಯಿತು. ಡೈರಿಯ ಮುಂದೆ ಸಂಜೆಯ ಹಾಲಿಗೆ ಜನ ಸೇರತೊಡಗಿದ್ದರು. ಎರಡು ಬೀದಿಯವರೂ ಇದ್ದರು. ಎರಡು ಗೇಟಿನಲ್ಲೂ ಬಂದು ಒಂದೇ ಸಾಲಿನಲ್ಲಿ ನಿಂತಿದ್ದರು. ಯಾರ ಹಾಲಾದರೂ ಒಂದೇ ಕ್ಯಾನಿಗೆ ಬೀಳುತ್ತಿತ್ತು. ಅದಕ್ಕೆ ಯಾರದೂ ಅಡ್ಡಿಯಿರಲಿಲ್ಲ. "ಆಲು ಕಮ್ಮಿ ಕಣಣ್ಣ ಇವತ್ತು", "ಆಲ್ನಾಗೆ ನೀರ್ ಬುಟ್ಟಿದ್ದೀಯೇನ್ಲಾ" ಎಂದು ಮಾತು ನಡೆದಿತ್ತು. ನಡುವೆ ಒಂದು ದನಿ ಕೇಳಿತು.

"ಅಣ್ಣಾ, ಹಾಲು ಹಾಕ್ಕೊಳ್ಳಿ."

ಹಕಾರ ಅಷ್ಟು ಸ್ಪಷ್ಟವಾಗಿತ್ತು. ತಿರುಗಿ ನೋಡಿದೆ. ತಲೆಯ ಮೇಲೆ ದುಪ್ಪಟ್ಟ ಹೊದ್ದ ಎತ್ತರದ ಹುಡುಗಿ.

"ಅರ್ಷಿಯಾ ಅಲ್ವೇನಮ್ಮ?"

"ಹೌದು ಸಾರ್." ನಕ್ಕಳು.

"ಎಲ್ಲಿ ಓದ್ತಾ ಇದ್ದೀಯ?"

"ಓದ್ತಿಲ್ಲ ಸಾರ್. ಮನೇಲಿದೀನಿ." ಆಮೇಲೆ ಏನೋ ಒಳ್ಳೆಯ ಸುದ್ದಿ ಹೇಳುವವಳಂತೆ ಗೋಡೆಯ ಕಡೆ ಕೈ ತೋರಿಸಿದಳು. "ಸಾರ್, ಮಳೆ ಬಂದ್ರೆ ನಮ್ಮನೆ ಕಿಟಕಿ ಕಾಣುತ್ತೆ ನೋಡಿ."

ಕಾಣುತ್ತಿತ್ತು. ಒದ್ದೆ ಸುಣ್ಣದ ಕೆಳಗೆ ಮಸುಕಾದ ಕೆಂಪು ಬೀದಿ, ಅದರಲ್ಲೊಂದು ನೀಲಿ ಚೂರು. ಅದರಾಚೆ ಬೆಳ್ಳಗೆ ಶಾಲೆ, ಬಾವುಟದ ಕೋಲು. ಈ ಊರಿನಲ್ಲಿ ಶಾಲೆ ಅಂತ ಉಳಿದಿರುವುದು ಆ ಗೋಡೆಯ ಮೇಲೆ ಮಾತ್ರ, ಅದೂ ಮಳೆ ಬಂದಾಗ.

ಅಷ್ಟರಲ್ಲಿ ಜವರೇಗೌಡರು ಕೊಡೆ ಹಿಡಿದು ಬಂದರು. ಈಗ ಡೈರಿಗೂ ಅವರೇ ಅಧ್ಯಕ್ಷರು. ಕೈ ಹಿಡಿದುಕೊಂಡು ಮಾತಾಡಿಸಿದರು. ಸಿಂಚನ ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ ಎಂದರು. ಆಮೇಲೆ ನಾನು ನೋಡುತ್ತಿದ್ದ ಕಡೆಗೆ ನೋಡಿದರು.

"ಆ ಬಣ್ಣ ಎಷ್ಟ್ ಸುಣ್ಣ ಒಡುದ್ರೂ ಓಗಾಕಿಲ್ಲ ಮೇಷ್ಟ್ರೆ. ಮಳೆ ಬಿದ್ರೆ ಸಾಕು, ಎದ್ ಬತ್ತದೆ. ಡೈರಿಗ್ ಬಂದೋರೆಲ್ಲ ಏನದು ಏನದು ಅಂತಾರೆ. ಬರ್ದೋರು ನೀವು. ಏನ್ ಮಾಡುದ್ರೆ ಓಯ್ತದೆ ಏಳಿ."

ಏನು ಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತು. ಎಣ್ಣೆ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ. ಬ್ಲೇಡಿನಲ್ಲಿ ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದು ಆಮೇಲೆ ಬಣ್ಣ ಬಳಿಯಬೇಕು. ಒಂದು ಬೆಳಗಿನ ಕೆಲಸ. ಅರ್ಷಿಯಾ ಖಾಲಿ ಕ್ಯಾನು ಹಿಡಿದು, ಮನೆಗೆ ಹೋಗದೆ, ಗೋಡೆಯನ್ನೇ ನೋಡುತ್ತಾ ನಿಂತಿದ್ದಳು.

"ಅದು ಹೋಗಲ್ಲ ಗೌಡ್ರೆ" ಎಂದೆ.

"ಏನ್ ಮಾಡುದ್ರೂ?"

"ಏನ್ ಮಾಡಿದ್ರೂ."

"ಆಗ್ಲಿ ಬುಡಿ. ಬನ್ನಿ, ಕಾಫಿ ಕುಡ್ಕಂಡ್ ಓಗಿ" ಎಂದರು. ಬೇಡ ಎಂದು ಹೇಳಿ ಗಾಡಿ ಹತ್ತಿದೆ.